ಸರ್ಕಾರ ಬೀಳುವ ನಾಟಕವನ್ನು ಟಿವಿಯವರು ದಿನಗಟ್ಟಲೆ ತೋರಿಸುವುದೇಕೆ? ಅದರಿಂದ ನಮಗೇನಾಗುತ್ತದೆ?

ಖರ್ಚು ಕಡಿಮೆ, ನೋಡುಗರು ಹೆಚ್ಚು, ಅದಕ್ಕೇ ತೋರಿಸುತ್ತಾರೆ. ಶಾಸಕರನ್ನು ಇರಿಸಿದ ಹೋಟೆಲಿನ ಗೇಟಿನ ಮುಂದೆ ಒಬ್ಬ ವರದಿಗಾರ, ಒಂದು ಕ್ಯಾಮೆರಾ ನಿಂತರೆ ಇಡೀ ದಿನದ ನೇರಪ್ರಸಾರ ಸಿದ್ಧ. ಟಿಆರ್‌ಪಿ, ಅಂದರೆ ವೀಕ್ಷಣೆಯ ಅಳತೆ, ಏರಿದರೆ ಜಾಹೀರಾತಿನ ದರವೂ ಏರುತ್ತದೆ. ಬರದ ತಾಲ್ಲೂಕಿಗೆ ಹೋಗಿ ಬತ್ತಿದ ಕೊಳವೆಬಾವಿ ತೋರಿಸುವ ವರದಿಗೆ ಆ ಭಾಗ್ಯವಿಲ್ಲ.

ನಾವೂ ಮತದಾರರಿಂದ ಪ್ರೇಕ್ಷಕರಾಗುತ್ತೇವೆ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರಕ್ಕೆ ಕೈಕೊಟ್ಟ ಶಾಸಕರಿದ್ದ ಮುಂಬೈ ಹೋಟೆಲಿನ ಹೊರಗೆ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ಕಾದದ್ದು ಎಲ್ಲರಿಗೂ ನೆನಪಿದೆ. ಆ ಸರ್ಕಾರ ಬಿದ್ದ ವಿಶ್ವಾಸಮತದ 99–105 ಅಂತೂ ಕ್ರಿಕೆಟ್ ಸ್ಕೋರಿನಂತೆ ಬಾಯಿಪಾಠ. ಮುಂದಿನ ತಿಂಗಳೇ ಬೆಳಗಾವಿ, ಬಾಗಲಕೋಟೆಯ ಊರುಗಳು ಪ್ರವಾಹದಲ್ಲಿ ಮುಳುಗಿದಾಗ ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಬಿಟ್ಟರೆ ರಾಜ್ಯಕ್ಕೆ ಒಬ್ಬ ಮಂತ್ರಿಯೂ ಇರಲಿಲ್ಲ. ಅದನ್ನು ಮಾತ್ರ ನೆನಪಿಸಿಯೇ ಹೇಳಬೇಕು.