ಯು-559ರ ಪುಸ್ತಕಗಳು ಮತ್ತು ಎನಿಗ್ಮಾ

ಪತ್ರ: ಕಳೆದ ಸಂಚಿಕೆಯ ಗೂಢಲಿಪಿ ಲೇಖನದಲ್ಲಿ ಯು-559 ಎಂಬ ಜರ್ಮನ್ ಜಲಾಂತರ್ಗಾಮಿಯಲ್ಲಿ ಸಿಕ್ಕ ಪುಸ್ತಕಗಳಿಗೆ ಅತಿಯಾದ ಮಹತ್ವ ಕೊಟ್ಟಿದ್ದೀರಿ. ಜರ್ಮನರ ಗೂಢಲಿಪಿ ಯಂತ್ರ ಎನಿಗ್ಮಾವನ್ನು ಭೇದಿಸಿದ್ದು ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ಬುದ್ಧಿ. ಪುಸ್ತಕ ತರಲು ಹೋಗಿ ಸತ್ತ ನಾವಿಕರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಕೂಡ ಸಿಗಲಿಲ್ಲ. ಅವರ ಕೆಲಸ ಅಷ್ಟು ದೊಡ್ಡದಲ್ಲ ಎಂದೇ ಇದರ ಅರ್ಥವಲ್ಲವೇ?

ಸಂಪಾದಕರ ಉತ್ತರ: ನಿಮ್ಮ ಮಾತನ್ನು ನಾನು ಒಪ್ಪಲಾರೆ. ಟ್ಯೂರಿಂಗ್ ಅವರ ಮೇಲೆ ನನಗೂ ಅಪಾರ ಗೌರವವಿದೆ. ಆದರೆ 1942ರ ಫೆಬ್ರವರಿ 1ರಂದು ಅಟ್ಲಾಂಟಿಕ್‌ನ ಜರ್ಮನ್ ಜಲಾಂತರ್ಗಾಮಿಗಳು ಮೂರು ಚಕ್ರಗಳದ್ದರ ಬದಲು ನಾಲ್ಕು ಚಕ್ರಗಳ ಎನಿಗ್ಮಾ ಬಳಸತೊಡಗಿದ ಮೇಲೆ, ಬ್ರಿಟನ್ನಿನ ಗೂಢಲಿಪಿ ಭೇದಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನ ಬುದ್ಧಿವಂತರೆಲ್ಲ ಸೇರಿ ತಲೆ ಕೆಡಿಸಿಕೊಂಡರೂ ಹೆಚ್ಚುಕಡಿಮೆ ಹತ್ತು ತಿಂಗಳು ಅವರಿಗೆ ಕತ್ತಲೆಯೇ. ಡಿಸೆಂಬರ್ 13ರಂದು ಆ ಬೀಗ ತೆರೆದಾಗ ಟ್ಯೂರಿಂಗ್ ಇಂಗ್ಲೆಂಡಿನಲ್ಲೇ ಇರಲಿಲ್ಲ, ಅಮೆರಿಕಕ್ಕೆ ಹೋಗಿದ್ದರು. ಅವರು ರೂಪಿಸಿದ ಶೋಧಯಂತ್ರಗಳು ಸಿದ್ಧವಾಗಿದ್ದವು. ಅವುಗಳಿಗೆ ಊಡಿಸಲು ಬೇಕಾದದ್ದು ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ.

ಹ್ಯಾಂಬರ್ಗ್‌ನಲ್ಲಿ ಕಟ್ಟಿದ ಯು-559, 1941ರ ಫೆಬ್ರವರಿಯಲ್ಲಿ ಸೇವೆಗೆ ಸೇರಿತು. ಕೊನೆಯವರೆಗೂ ಅದರ ನಾಯಕ ಹಾನ್ಸ್ ಹೈಟ್‌ಮನ್. ಆ ವರ್ಷದ ನವೆಂಬರ್ 27ರಂದು ಲಿಬಿಯಾದ ಟೊಬ್ರೂಕ್ ಬಂದರಿನ ಬಳಿ ಅದು ಆಸ್ಟ್ರೇಲಿಯಾದ ಪ್ಯಾರಮ್ಯಾಟ ಯುದ್ಧನೌಕೆಯನ್ನು ಮುಳುಗಿಸಿದಾಗ 138 ಮಂದಿ ಸತ್ತರು. ಡಿಸೆಂಬರ್ 23ರಂದು ಹೊಡೆದುರುಳಿಸಿದ ಶುಂಟಿಯೆನ್ ಹಡಗಿನಲ್ಲಿ ಇದ್ದವರು ಜರ್ಮನಿ ಮತ್ತು ಇಟಲಿಯ ಯುದ್ಧಕೈದಿಗಳು, ಎಂಟುನೂರಕ್ಕೂ ಹೆಚ್ಚು ಮಂದಿ. ನೀರಿಗೆ ಬಿದ್ದ ಅನೇಕರನ್ನು ಬ್ರಿಟನ್ನಿನ ಸಾಲ್ವಿಯಾ ನೌಕೆ ಎತ್ತಿಕೊಂಡಿತು. ಮರುದಿನ ಇನ್ನೊಂದು ಜರ್ಮನ್ ಜಲಾಂತರ್ಗಾಮಿ ಆ ಸಾಲ್ವಿಯಾವನ್ನೂ ಮುಳುಗಿಸಿತು, ಒಬ್ಬರೂ ಉಳಿಯಲಿಲ್ಲ. ತಮ್ಮವರನ್ನೇ ತಾವು ಕೊಂದ ಈ ಪ್ರಸಂಗ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯು-559ರ ಕಥೆ ಹೇಳುವವರು ಇದನ್ನು ಬಿಟ್ಟು ಕೊನೆಯ ರಾತ್ರಿಗೆ ಹಾರಬಾರದು.

1942ರ ಅಕ್ಟೋಬರ್ 30ರಂದು ಈಜಿಪ್ಟಿನ ಪೋರ್ಟ್ ಸಯೀದ್‌ನ ಉತ್ತರಕ್ಕೆ ಬ್ರಿಟಿಷ್ ವಿಮಾನವೊಂದರ ಕಣ್ಣಿಗೆ ಯು-559 ಬಿತ್ತು. ಐದು ಯುದ್ಧನೌಕೆಗಳು ಬೆನ್ನು ಹತ್ತಿದವು. ನೀರಿನಾಳದಲ್ಲಿ ಸ್ಫೋಟಿಸುವ ಡೆಪ್ತ್ ಚಾರ್ಜ್ ಬಾಂಬುಗಳು ಗಂಟೆಗಟ್ಟಲೆ ಸಿಡಿದು ಗೋಡೆ ಬಿರುಕು ಬಿಟ್ಟಾಗ, ರಾತ್ರಿ ಹತ್ತು ದಾಟಿದ ಮೇಲೆ ಅದು ಮೇಲೆದ್ದಿತು. ಸಿಬ್ಬಂದಿ ನೀರಿಗೆ ಹಾರಿದರು. ಪೆಟಾರ್ಡ್ ನೌಕೆಯ ಲೆಫ್ಟಿನೆಂಟ್ ಆಂಟನಿ ಫ್ಯಾಸನ್ ಮತ್ತು ನಾವಿಕ ಕಾಲಿನ್ ಗ್ರೇಜಿಯರ್ ಈಜಿಕೊಂಡು ಹೋಗಿ ಒಳಗಿಳಿದರು. ಹಿಂದೆಯೇ ಹೋದವನು ಟಾಮಿ ಬ್ರೌನ್, ವಯಸ್ಸು ಸುಳ್ಳು ಹೇಳಿ ಹಡಗು ಹತ್ತಿದ್ದ ಹದಿನಾರರ ಕ್ಯಾಂಟೀನ್ ಹುಡುಗ. ಒಳಗೆ ದೀಪವಿಲ್ಲ, ನೀರು ಏರುತ್ತಿದೆ. ಇಬ್ಬರೂ ಕೈಗೆ ಕೊಟ್ಟ ಪುಸ್ತಕಗಳನ್ನು ಬ್ರೌನ್ ಏಣಿ ಹತ್ತಿ ಮೇಲಿದ್ದವರಿಗೆ ದಾಟಿಸುತ್ತಿದ್ದ. ನೀರು ತಾಗಿದರೆ ಅಕ್ಷರವೇ ಕರಗುವ ಶಾಯಿಯಲ್ಲಿ ಅಚ್ಚಾದ ಪುಸ್ತಕಗಳವು! ಮೇಲೆ ಬನ್ನಿರೆಂದು ಬ್ರೌನ್ ಕೂಗಿದ. ಅವರು ಹೊರಡುವಷ್ಟರಲ್ಲಿ ಜಲಾಂತರ್ಗಾಮಿ ತಟ್ಟನೆ ಮುಳುಗಿತು. ಬ್ರೌನ್ ಈಜಿ ಪಾರಾದ. ಅವರಿಬ್ಬರು ಬರಲಿಲ್ಲ.

ಸಿಕ್ಕವುಗಳಲ್ಲಿ ಮುಖ್ಯವಾದವು ಎರಡು: ಹವಾಮಾನ ವರದಿಯ ಸಂಕೇತಪುಸ್ತಕ ಮತ್ತು ಕಿರುಸಂದೇಶಗಳ ಸಂಕೇತಪುಸ್ತಕ. ಹವಾಮಾನ ವರದಿ ಕಳುಹಿಸುವಾಗ ಜರ್ಮನರು ನಾಲ್ಕನೆಯ ಚಕ್ರವನ್ನು ಸುಮ್ಮನಿರಿಸುತ್ತಿದ್ದರು, ಅಂದರೆ ಹೊಸ ಯಂತ್ರ ಹಳೆಯದರಂತೆಯೇ ಕೆಲಸ ಮಾಡುತ್ತಿತ್ತು. ವರದಿಯಲ್ಲಿ ಏನಿರುತ್ತದೆಂದು ಪುಸ್ತಕದಿಂದ ಊಹಿಸಬಹುದಾದ್ದರಿಂದ ಬ್ಲೆಚ್ಲಿಯ ಹಳೆಯ ಯಂತ್ರಗಳೇ ಸಾಕಾದವು. ಮೂರು ಚಕ್ರಗಳ ಗುಟ್ಟು ಸಿಕ್ಕರೆ ನಾಲ್ಕನೆಯದಕ್ಕೆ ಉಳಿಯುವುದು, ಅಕ್ಷರಕ್ಕೊಂದರಂತೆ, 26 ಸಾಧ್ಯತೆಗಳಷ್ಟೇ. ಜಲಾಂತರ್ಗಾಮಿಗಳು ಹೊಂಚು ಹಾಕಿದ ಕಡೆಯಿಂದ ಸರಕು ಹಡಗುಗಳನ್ನು ಬೇರೆ ದಾರಿಗೆ ತಿರುಗಿಸುವುದು ಮತ್ತೆ ಸಾಧ್ಯವಾಯಿತು. 1943ರ ಮಾರ್ಚ್‌ನಲ್ಲಿ ಜರ್ಮನರು ಹವಾಮಾನ ಪುಸ್ತಕ ಬದಲಿಸಿದಾಗ ಕೈಹಿಡಿದದ್ದು ಎರಡನೆಯ ಪುಸ್ತಕ. ಗಣಿತಜ್ಞರ ಬುದ್ಧಿ, ನಾವಿಕರ ಎದೆಗಾರಿಕೆ, ಎರಡರಲ್ಲಿ ಯಾವುದನ್ನು ಕಳೆದರೂ ಲೆಕ್ಕ ತಪ್ಪುತ್ತದೆ.

ಇನ್ನು ಪದಕದ ವಿಷಯ. ವಿಕ್ಟೋರಿಯಾ ಕ್ರಾಸ್ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಮೀಸಲು. ಜರ್ಮನ್ ಸಿಬ್ಬಂದಿ ಅಷ್ಟರಲ್ಲಿ ಹೊರಬಿದ್ದಿದ್ದರಿಂದ ಇಬ್ಬರಿಗೂ ಮರಣೋತ್ತರವಾಗಿ, ಶತ್ರು ಎದುರಿಲ್ಲದಾಗ ತೋರಿದ ಶೌರ್ಯಕ್ಕೆ ಕೊಡುವ ಜಾರ್ಜ್ ಕ್ರಾಸ್ ಕೊಟ್ಟರು, ಬ್ರೌನ್‌ಗೆ ಜಾರ್ಜ್ ಪದಕ. ಆ ಹುಡುಗ 1945ರಲ್ಲಿ, ಬೆಂಕಿ ಬಿದ್ದ ಮನೆಯಿಂದ ಪುಟ್ಟ ತಂಗಿಯನ್ನು ಉಳಿಸಲು ಹೋಗಿ ತೀರಿಕೊಂಡ. ಎನಿಗ್ಮಾ ಭೇದಿಸಿದ ಗುಟ್ಟನ್ನು ಬ್ರಿಟನ್ 1970ರ ದಶಕದವರೆಗೆ ಹೊರಗೆಡಹಲಿಲ್ಲ. ಹೀಗಿರುವಾಗ ಅಂದು ಕೊಟ್ಟ ಪದಕದಿಂದ ಈ ಮೂವರ ಕೆಲಸವನ್ನು ಅಳೆಯುವುದು ನ್ಯಾಯವಲ್ಲ.