ಪವಾಡಗಳ ಪಟ್ಟಿ ಬೇಡ, ಒಂದೇ ಪವಾಡ ಬರೆಯಿರಿ

ಆತ್ಮೀಯರೇ,

'ನಂಬಿದರೆ ಪವಾಡ' ಅನ್ನೋ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ದೊಡ್ಡದು, ನಿಮ್ಮ ಶ್ರದ್ಧೆಯೂ ಎದ್ದು ಕಾಣುತ್ತದೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನೀರು ದ್ರಾಕ್ಷಾರಸವಾದ ಕಾನಾ ಊರಿನ ಮದುವೆಯಿಂದ, ಸತ್ತ ಲಾಜರ ಎದ್ದುಬಂದ ಸಮಾಧಿಯವರೆಗೆ ಯೇಸುವಿನ ಪವಾಡಗಳನ್ನೆಲ್ಲ ಒಂದರ ಹಿಂದೊಂದು ಹೇಳಿಕೊಂಡು ಹೋಗಿದ್ದೀರಿ. ಕೊನೆಗೆ 'ಆದ್ದರಿಂದ ಯೇಸು ಸರ್ವಶಕ್ತ' ಎಂದು ಮುಗಿಸಿದ್ದೀರಿ. ಶಕ್ತಿ ತೋರಿಸುವುದೇ ಉದ್ದೇಶವಾಗಿದ್ದರೆ, ಕಲ್ಲನ್ನು ರೊಟ್ಟಿ ಮಾಡು, ದೇವಾಲಯದ ತುದಿಯಿಂದ ಧುಮುಕು ಎಂದು ಸೈತಾನ ಹೇಳಿದಾಗ ಆತ ಯಾಕೆ ಒಪ್ಪಲಿಲ್ಲ? ಧರ್ಮನಿಯಮಗಳಲ್ಲಿ ಕಟ್ಟುನಿಟ್ಟಾಗಿದ್ದ ಯೆಹೂದ್ಯ ಪಂಗಡದವರಾದ ಫರಿಸಾಯರು ಆಕಾಶದಿಂದ ಒಂದು ಗುರುತು ತೋರಿಸು ಅಂದಾಗ ಯಾಕೆ ಅವರನ್ನು ಬಿಟ್ಟು ಹೊರಟುಹೋದ? ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಎಲ್ಲೂ ಏಳುವುದಿಲ್ಲ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ.

ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ತೆಗೆಯಿರಿ. ನೀವು ಬರೆದಿರುವುದು ಇಷ್ಟೇ: '12 ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಗುಣವಾದಳು. ಯಾಯೀರನ ಮಗಳು ಬದುಕಿದಳು.' ಅಲ್ಲಿ ಎಷ್ಟೆಲ್ಲ ಇದೆ ನೋಡಿ. ಯಾಯೀರ ಯೆಹೂದ್ಯರ ಸಭಾಮಂದಿರದ ಅಧಿಕಾರಿ. ಮಗಳು ಸಾಯುವ ಹಾಗಿದ್ದಾಳೆ, ಬಾ ಎಂದು ಯೇಸುವಿನ ಕಾಲಿಗೆ ಬಿದ್ದಿದ್ದಾನೆ. ದಾರಿಯಲ್ಲಿ ಜನ ಮೈಮೇಲೆ ಬೀಳುತ್ತಿದ್ದಾರೆ. ಆ ನೂಕುನುಗ್ಗಲಿನಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಬಂದು ಆತನ ಬಟ್ಟೆ ಮುಟ್ಟುತ್ತಾಳೆ. ಇದ್ದಬದ್ದದ್ದನ್ನೆಲ್ಲ ವೈದ್ಯರಿಗೆ ಸುರಿದವಳು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ ನಿಯಮದಂತೆ ಅವಳು ಅಶುದ್ಧಳು, ಅವಳನ್ನು ಮುಟ್ಟಿದವರೂ ಅಶುದ್ಧರು. ಮುಟ್ಟಿದ ತಕ್ಷಣ ಗುಣವಾಯಿತು. ಬರೀ ಶಕ್ತಿಯ ಕಥೆಯಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಯೇಸು ನಿಲ್ಲುತ್ತಾನೆ. ಯಾರು ಮುಟ್ಟಿದ್ದು ಎಂದು ಕೇಳುತ್ತಾನೆ. ಪಕ್ಕದಲ್ಲಿ ಯಾಯೀರನಿಗೆ ಜೀವ ಹಿಡಿದುಕೊಂಡು ನಿಂತ ಹಾಗಾಗಿರಬೇಕು. ಆ ಹೆಂಗಸು ನಡುಗುತ್ತಾ ಬಂದು ಎಲ್ಲ ಹೇಳಿಕೊಳ್ಳುತ್ತಾಳೆ. ಆತ ಅಷ್ಟೂ ಜನರ ಎದುರಿಗೆ ಅವಳನ್ನು 'ಮಗಳೇ' ಎಂದು ಕರೆಯುತ್ತಾನೆ. ಅವಳಿಗೆ ಕಾಯಿಲೆ ಹೋದರಷ್ಟೇ ಸಾಲದಿತ್ತು, ತಲೆ ಎತ್ತಿ ಜನರ ನಡುವೆ ನಿಲ್ಲುವ ಹಾಗಾಗಬೇಕಿತ್ತು.

ಅಷ್ಟರಲ್ಲಿ ಹುಡುಗಿ ಸತ್ತಳೆಂದು ಸುದ್ದಿ ಬರುತ್ತದೆ. ಅವಳ ವಯಸ್ಸೂ 12. ಯೇಸು ಗೋಳಾಡುವವರನ್ನು ಹೊರಗೆ ಕಳಿಸಿ, ತಂದೆತಾಯಿ ಮತ್ತು ಮೂವರು ಶಿಷ್ಯರನ್ನು ಮಾತ್ರ ಒಳಗೆ ಕರೆದುಕೊಂಡು ಹೋಗಿ, ಅವಳನ್ನು ಕೈಹಿಡಿದು ಎಬ್ಬಿಸುತ್ತಾನೆ. ಯಾರಿಗೂ ಹೇಳಬೇಡಿ ಅನ್ನುತ್ತಾನೆ. ಜೊತೆಗೆ, ಇವಳಿಗೆ ತಿನ್ನಲು ಏನಾದರೂ ಕೊಡಿ ಅನ್ನುತ್ತಾನೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಹುಡುಗಿಯ ಹಸಿವು ನೆನಪಾದದ್ದು ಆತನಿಗೆ. ದೇವರು ಎಂಥವನು ಅನ್ನೋದನ್ನು ಪವಾಡ ಹೇಳುವುದು ಇಂಥ ಜಾಗದಲ್ಲಿ. ನಿಮ್ಮ ಲೇಖನದಲ್ಲಿ ಆ ಮಾತೇ ಇಲ್ಲ.

ಇನ್ನು ನನಗೆ ಜಾಸ್ತಿ ನೋವಾದ ಸಾಲು: 'ಪವಾಡ ಆಗದಿದ್ದರೆ ನಂಬಿಕೆಯಲ್ಲಿ ಕೊರತೆಯಿದೆ ಎಂದರ್ಥ.' ಇದನ್ನು ಯಾರೆಲ್ಲ ಓದುತ್ತಾರೆ ಅಂತ ಯೋಚಿಸಿದಿರಾ? ರಾತ್ರಿಯೆಲ್ಲ ಪ್ರಾರ್ಥಿಸಿಯೂ ಮಗುವನ್ನು ಕಳೆದುಕೊಂಡ ತಾಯಿ ಓದುತ್ತಾಳೆ. ತಪ್ಪು ನಿನ್ನದೇ ಅಂತ ಅವಳಿಗೆ ಹೇಳಿದ ಹಾಗಾಯಿತು. 'ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು' ಎಂದು ಯೇಸುವೇ ಹೇಳಿದ್ದಾನಲ್ಲ ಎಂದು ನೀವು ಕೇಳಬಹುದು. ಹೌದು, ಬಟ್ಟೆ ಮುಟ್ಟಿದ ಆ ಹೆಂಗಸಿಗೇ ಹೇಳಿದ್ದು. ಆದರೆ ನಾಯಿನ್ ಊರಿನ ವಿಧವೆ ಏನನ್ನೂ ಕೇಳಿರಲಿಲ್ಲ. ಮಗನ ಶವದ ಜೊತೆ ಅಳುತ್ತಾ ಹೋಗುತ್ತಿದ್ದಳು, ಅಷ್ಟೇ. ಆದರೂ ಯೇಸು ಆ ಮಗನನ್ನು ಬದುಕಿಸಿದ. ಕೊಳದ ಬಳಿ ಮಲಗಿದ್ದ, 38 ವರ್ಷದ ಕಾಯಿಲೆಯವನಿಗೆ ತನ್ನನ್ನು ಗುಣಪಡಿಸಿದ್ದು ಯಾರೆಂದೇ ಗೊತ್ತಿರಲಿಲ್ಲ. ಇನ್ನು ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನ ನಂಬಿಕೆಗೆ ಏನು ಕಮ್ಮಿಯಾಗಿತ್ತು? ತನ್ನ ಶರೀರಕ್ಕೆ ನಾಟಿದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, 'ನನ್ನ ಕೃಪೆಯೇ ನಿನಗೆ ಸಾಕು' ಎಂಬ ಉತ್ತರ ಬಂತು. ಸೆರೆಸಿಕ್ಕುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಎಂದು ಪ್ರಾರ್ಥಿಸಿದ. ಶಿಲುಬೆ ತಪ್ಪಲಿಲ್ಲ. ನಂಬಿಕೆ ಕೊಟ್ಟು ಪವಾಡ ಕೊಳ್ಳುವ ವ್ಯಾಪಾರ ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಆ ಸಾಲನ್ನು ದಯವಿಟ್ಟು ತೆಗೆದುಹಾಕಿ.

ಪವಾಡ ಕಂಡವರೆಲ್ಲ ನಂಬಿದರು ಅನ್ನೋದೂ ಸರಿಯಲ್ಲ. ಲಾಜರ ಎದ್ದು ಬಂದದ್ದನ್ನು ಕಂಡವರಲ್ಲಿ ಕೆಲವರು ಹೋಗಿ ಫರಿಸಾಯರಿಗೆ ಸುದ್ದಿ ಮುಟ್ಟಿಸಿದರು. ಯೇಸುವನ್ನು ಕೊಲ್ಲುವ ಆಲೋಚನೆ ಗಟ್ಟಿಯಾದದ್ದು ಆಮೇಲೆಯೇ.

ಲೂರ್ದ್ ಬಗ್ಗೆ ಬರೆದದ್ದನ್ನೂ ತಿದ್ದಿ. 'ಸಾವಿರಾರು ಪವಾಡಗಳನ್ನು ವಿಜ್ಞಾನ ಒಪ್ಪಿದೆ' ಎಂದಿದ್ದೀರಿ. 1858ರಲ್ಲಿ ಫ್ರಾನ್ಸಿನ ಆ ಊರಿನಲ್ಲಿ ಬರ್ನಡೆಟ್ ಎಂಬ ಹುಡುಗಿ ತನಗೆ ಮಾತೆ ಮರಿಯಳ ದರ್ಶನವಾಯಿತು ಎಂದ ಮೇಲೆ, ಅಲ್ಲಿ ಗುಣವಾದೆವು ಎಂದು ಹೇಳಿಕೊಂಡವರು ಸಾವಿರಾರು ಜನ, ನಿಜ. ಆದರೆ ಕಥೋಲಿಕ ಸಭೆ ಪವಾಡವೆಂದು ಒಪ್ಪಿದ್ದು 2018ರ ಹೊತ್ತಿಗೆ 70 ಮಾತ್ರ. ಈ ಗುಣಕ್ಕೆ ನಮಗೆ ಗೊತ್ತಿರುವ ಕಾರಣ ಸಿಗುತ್ತಿಲ್ಲ ಅಂತಷ್ಟೇ ವೈದ್ಯರು ಹೇಳುತ್ತಾರೆ. ಪವಾಡವೆಂದು ಘೋಷಿಸುವುದು ಬಿಷಪ್. ಸಭೆಯೇ ಇಷ್ಟು ಎಚ್ಚರದಿಂದ ಇರುವಾಗ ನಾವು ಸುಮ್ನೆ ಬಾಯಿಗೆ ಬಂದ ಲೆಕ್ಕ ಹೇಳಬಾರದು, ಅಲ್ವಾ?

ನಿಮ್ಮ ಲೇಖನದಲ್ಲಿ ನಿಜವಾಗಿ ಜೀವ ಇರುವುದು ಒಂದು ಕಡೆ. ಕೊನೆಯವರೆಗೂ ಕಾಯಿಲೆ ವಾಸಿಯಾಗದ ನಿಮ್ಮ ಚಿಕ್ಕಮ್ಮ, ಹಾಸಿಗೆಯಲ್ಲೇ ಮಲಗಿಕೊಂಡು ಬೇರೆ ರೋಗಿಗಳ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು ಎಂದು ಬರೆದಿದ್ದೀರಿ. ನಿಮ್ಮ ವಾದಕ್ಕೆ ಹೊಂದುವುದಿಲ್ಲ ಅಂತಲೋ ಏನೋ, ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅವರನ್ನು ಪೂರ್ತಿಯಾಗಿ ಬರೆಯಿರಿ. ಅವರು ಏನು ಕೇಳಿಕೊಂಡರು, ಏನು ಸಿಗಲಿಲ್ಲ, ಆದರೂ ಯಾಕೆ ಪ್ರಾರ್ಥನೆ ಬಿಡಲಿಲ್ಲ ಅನ್ನೋದನ್ನು ಬರೆಯಿರಿ. ಜೊತೆಗೆ ಮಾರ್ಕನ ಆ ಒಂದು ಅಧ್ಯಾಯವನ್ನು ಮಾತ್ರ ಇಟ್ಟುಕೊಳ್ಳಿ. ಅವಸರ ಬೇಡ. ಬರೆದಾದ ಮೇಲೆ ನೇರವಾಗಿ ನನಗೇ ಕಳಿಸಿ, ಓದುತ್ತೇನೆ.

ನಿಮ್ಮ,
ಸಂಪಾದಕ