‘ರಿಮೂವ್’ ಅಂದರೆ ಎಲ್ಲಿಂದ?

ಪ್ರಶ್ನೆ: ನಮ್ಮಜ್ಜಿ ಹಾಡಿದ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಅಜ್ಜಿ ಈಗಿಲ್ಲ. ಮೊನ್ನೆ ಕಂಪ್ಯೂಟರಿನ ಮ್ಯೂಸಿಕ್ ಪ್ಲೇಯರ್‌ನಲ್ಲಿ ಒಂದೊಂದು ಹಾಡೂ ಎರಡೆರಡು ಸಲ ಕಾಣಿಸುತ್ತಿತ್ತು. ಜಾಸ್ತಿ ಇದ್ದದ್ದನ್ನು ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ‘ಇವನ್ನು ರಿಮೂವ್ ಮಾಡಬೇಕೇ?’ ಎಂದು ಕೇಳಿತು. ಪಟ್ಟಿಯಿಂದ ತಾನೇ ಎಂದು ಯೆಸ್ ಕೊಟ್ಟೆ. ಈಗ ಹಾಡು ಪೆನ್‌ಡ್ರೈವ್‌ನಲ್ಲೂ ಇಲ್ಲ, ರಿಸೈಕಲ್ ಬಿನ್‌ನಲ್ಲೂ ಇಲ್ಲ. ನನ್ನದೇ ತಪ್ಪಾ? ವಾಪಸ್ ಸಿಗುತ್ತವಾ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಆ ಪೆನ್‌ಡ್ರೈವ್ ತೆಗೆದು ಪಕ್ಕಕ್ಕಿಡಿ. ಅದಕ್ಕೆ ಏನನ್ನೂ ಕಾಪಿ ಮಾಡಬೇಡಿ. ಫೈಲ್ ಡಿಲೀಟ್ ಆದಾಗ ಸಾಮಾನ್ಯವಾಗಿ ಅದರ ಹೆಸರು ಮಾತ್ರ ಲೆಕ್ಕದಿಂದ ಹೋಗುತ್ತದೆ. ಹಾಡು ಅಲ್ಲೇ ಇರುತ್ತದೆ, ಆ ಜಾಗಕ್ಕೆ ಬೇರೇನಾದರೂ ಬಂದು ಕೂರುವವರೆಗೆ. ಹಾಗಾಗಿ ವಾಪಸ್ ಸಿಗುವ ಸಾಧ್ಯತೆ ಇದೆ.

ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಹೆಸರಿನಲ್ಲಿ ಫೋಟೋ ಇದ್ದರೂ ಆಡಿಯೋ ಫೈಲ್‌ಗಳನ್ನೂ ಹುಡುಕುತ್ತದೆ. ಸಿಕ್ಕಿದ್ದನ್ನು ಕಂಪ್ಯೂಟರಿನ ಡಿಸ್ಕ್‌ಗೆ ಉಳಿಸಿ, ಅದೇ ಪೆನ್‌ಡ್ರೈವ್‌ಗಲ್ಲ. ನೀವು ಇಟ್ಟ ಹೆಸರುಗಳು ಮಾತ್ರ ಬರುವುದಿಲ್ಲ. ‘ಎಫ್’ ಅಕ್ಷರದ ಮುಂದೆ ಒಂದಷ್ಟು ಅಂಕಿ, ಅಷ್ಟೇ. ಒಂದೊಂದನ್ನೇ ಕೇಳಿ ಹೆಸರು ಹಾಕಬೇಕಾಗುತ್ತದೆ. ಮಾಡಲು ಧೈರ್ಯ ಸಾಲದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನು, ತಪ್ಪು ನಿಮ್ಮದಲ್ಲ. ಬಹುಶಃ ಆ ಎರಡು ಸಾಲುಗಳೂ ಒಂದೇ ಫೈಲನ್ನು ತೋರಿಸುತ್ತಿದ್ದವು. ಒಂದು ಸಾಲು ಅಳಿಸಿದಿರಿ, ಇದ್ದ ಒಂದೇ ಫೈಲ್ ಹೋಯಿತು. ‘ರಿಮೂವ್’ ಎಂದು ಕೇಳಿದ ಸಾಫ್ಟ್‌ವೇರ್ ಎಲ್ಲಿಂದ ಎಂದು ಹೇಳಲೇ ಇಲ್ಲ. ಪಟ್ಟಿಯಿಂದಲೋ, ಡಿಸ್ಕ್‌ನಿಂದಲೋ? ಕೇಳಬೇಕಿದ್ದ ಪ್ರಶ್ನೆಯೇ ಅದು. ಅರ್ಧ ಪ್ರಶ್ನೆ ಕೇಳಿ ಪೂರ್ತಿ ಒಪ್ಪಿಗೆ ತೆಗೆದುಕೊಳ್ಳುವುದು ನನಗೆ ಸಿಟ್ಟು ತರಿಸುವ ವಿಷಯ.

ಇದು ಕಂಪ್ಯೂಟರ್ ಹೊಸತಾದವರಿಗೆ ಮಾತ್ರ ಆಗುವುದಲ್ಲ. 2017ರಲ್ಲಿ ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಮರ್ ಒಬ್ಬರು ತಿಂಗಳುಗಟ್ಟಲೆ ಮಾಡಿದ ಕೆಲಸ ಕಳೆದುಕೊಂಡರು. ‘ಎಲ್ಲ ಬದಲಾವಣೆಗಳನ್ನೂ ಡಿಸ್‌ಕಾರ್ಡ್ ಮಾಡಬೇಕೇ?’ ಎಂದು ಅದು ಕೇಳಿತ್ತು. ವಾಪಸ್ ತರಲಾಗದು ಎಂದೂ ಎಚ್ಚರಿಸಿತ್ತು. ಆದರೆ ಬದಲಾವಣೆ ಅಂದರೆ ಏನು? ಫೈಲ್‌ಗಳ ಹಳೇ-ಹೊಸ ರೂಪಗಳ ದಾಖಲೆ ಇಡುವ ಗಿಟ್ ಎಂಬ ವ್ಯವಸ್ಥೆಗೆ ಇನ್ನೂ ಸೇರಿಸದ ಫೈಲ್‌ಗಳೆಲ್ಲ ವಿಎಸ್ ಕೋಡ್ ಲೆಕ್ಕದಲ್ಲಿ ಬದಲಾವಣೆಯೇ. ಅಷ್ಟೂ ಅಳಿಸಿಹೋದವು. ಆಮೇಲೆ ಆ ಸಂದೇಶವನ್ನು ತಿದ್ದಿದರು. ಫೈಲ್‌ಗಳೇ ಡಿಲೀಟ್ ಆಗುತ್ತವೆ ಎಂದು ಈಗ ನೇರವಾಗಿ ಹೇಳುತ್ತದೆ. ನೋಡಿ, ಎಚ್ಚರಿಕೆ ಜೋರಾಗಿದ್ದರೆ ಸಾಲದು, ಏನು ಹೋಗುತ್ತದೆ ಎಂದು ಹೇಳಬೇಕು. ಫೋಟೋ ಜೋಡಿಸಿಡುವ, ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ಇದನ್ನು ಸರಿಯಾಗಿ ಮಾಡುತ್ತದೆ. ಫೋಟೋ ಅಳಿಸಲು ಹೋದರೆ ಡಿಸ್ಕ್‌ನಿಂದಲೇ ಡಿಲೀಟ್ ಮಾಡಲಾ, ಸುಮ್ನೆ ಲೈಟ್‌ರೂಮ್‌ನಿಂದ ತೆಗೆಯಲಾ ಎಂದು ಬೇರೆ ಬೇರೆ ಬಟನ್ ಕೊಟ್ಟು ಕೇಳುತ್ತದೆ.

ರಿಸೈಕಲ್ ಬಿನ್‌ನಲ್ಲಿ ಏಕೆ ಸಿಗಲಿಲ್ಲ ಎಂದರೆ, ವಿಂಡೋಸ್‌ನಲ್ಲಿ ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಹೋಗುವುದೇ ಇಲ್ಲ. ಇಲ್ಲೊಂದು ಗುರುತು ಹೇಳಿಕೊಡುತ್ತೇನೆ. ವಿಂಡೋಸ್ 8ರಿಂದ ಈಚೆಗೆ, ಸೆಟಿಂಗ್ ಬದಲಿಸದಿದ್ದರೆ, ಫೋಲ್ಡರ್‌ನಲ್ಲಿ ಡಿಲೀಟ್ ಒತ್ತಿದಾಗ ಬಿನ್‌ಗೆ ಹೋಗುವ ಫೈಲ್‌ಗೆ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ಪ್ರಶ್ನೆ ಬಂದರೆ ಕೈ ತಡೆಯಿರಿ. ‘ಪರ್ಮನೆಂಟ್‌ಲಿ’ ಎಂಬ ಪದ ಇದೆಯಾ ನೋಡಿ. ಇದ್ದರೆ ಬಿನ್‌ನಲ್ಲಿ ಹುಡುಕುವ ಮಾತೇ ಇಲ್ಲ. ಆದರೆ ಮ್ಯೂಸಿಕ್ ಪ್ಲೇಯರ್‌ನಂಥವು ತಮ್ಮದೇ ಮಾತಿನಲ್ಲಿ ಕೇಳುತ್ತವೆ, ಅಲ್ಲಿ ಈ ಗುರುತು ನಡೆಯುವುದಿಲ್ಲ. ಹೊಸ ಸಾಫ್ಟ್‌ವೇರ್ ಬಂದಾಗ ಬೇಡದ ಒಂದು ಫೈಲನ್ನು ಅದರಲ್ಲಿ ಅಳಿಸಿ, ಫೋಲ್ಡರ್‌ನಲ್ಲಿ ಉಳಿದಿದೆಯಾ ನೋಡಿಬಿಡಿ. ನಾನು ಯಾವಾಗಲೂ ಹೀಗೇ ಮಾಡುವುದು.

ಒಂದು ಮಾತು ಮರೆತೆ. ರೆಕಾರ್ಡ್ ಮಾಡಿದ ಹಳೇ ಫೋನ್ ಮನೆಯಲ್ಲಿದ್ದರೆ ಮೊದಲು ಅದನ್ನು ಚಾರ್ಜ್‌ಗೆ ಹಾಕಿ. ಅಜ್ಜಿಯ ಹಾಡನ್ನು ಚಿಕ್ಕಮ್ಮನಿಗೋ ಅತ್ತೆಗೋ ವಾಟ್ಸಾಪ್‌ನಲ್ಲಿ ಕಳಿಸಿದ್ದಿರಾ? ಅವರಿಗೆ ಇವತ್ತೇ ಫೋನ್ ಮಾಡಿ, ಅವರು ಫೋನ್ ಖಾಲಿ ಮಾಡುವ ಮೊದಲು.